ಓದಿ ಹೇಳಲಾಗಿದೆ

೨೦೨೨ರಲ್ಲಿ ನಾನು ವಕೀಲಿಕೆಗೆ ಬಂದು ಹನ್ನೊಂದು ವರ್ಷವಾಗಿತ್ತು. ವಿಜಯನಗರದಲ್ಲಿ ಪಾತ್ರೆ ಅಂಗಡಿಯೊಂದರ ಮೇಲೆ ನನ್ನದೇ ಕಚೇರಿ. ಅಪ್ಪ ಬಿನ್ನಿಪೇಟೆಯಲ್ಲಿ ಮೂಟೆ ಹೊತ್ತವರು, ಅಮ್ಮ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವಳು. ಹಾಗಾಗಿ ನಾನು ಬರೆದ ಇಂಗ್ಲಿಷಿನಲ್ಲಿ ಯಾರೂ ತಪ್ಪು ಹುಡುಕಬಾರದು ಎಂಬ ಹಟವಿತ್ತು. ಆ ಹಟಕ್ಕೆ ಈಗಲೂ ನಾಚುವುದಿಲ್ಲ. ಆದರೆ ಒಮ್ಮೆ ಅದರಿಂದ ನನ್ನ ಕಕ್ಷಿದಾರರೊಬ್ಬರ ತಲೆಯ ಮೇಲಿನ ಸೂರೇ ಹೋಗುವುದರಲ್ಲಿತ್ತು.

ಆಕೆ ಗೌರಮ್ಮ, ಅರವತ್ತೆಂಟು ವರ್ಷದ ವಿಧವೆ. ಕೆಂಗೇರಿಯ ಹಳೇ ಊರಿನಲ್ಲಿ, ತಂದೆ ಕಟ್ಟಿಸಿದ ಮನೆಯ ಹಿಂಬದಿಯ ಕೋಣೆಯಲ್ಲಿ ಇದ್ದರು. ತಂದೆ ತೀರಿಕೊಂಡ ಮೇಲೆ ತಮ್ಮ ಬಂದು, ಖಾತೆ ಬದಲಾಯಿಸಬೇಕು ಬಾ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದ್ದ. ಅದು ಹಕ್ಕು ಬಿಡುಗಡೆ ಪತ್ರ. ತಂದೆಯ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ಬರೆದುಕೊಡುವ ಕಾಗದ. ತಮ್ಮ ಮಾತಾಡಿಕೊಂಡಿದ್ದ ಬಿಲ್ಡರ್ ಕಡೆಯವರು ಬಂದು ಕೋಣೆ ಖಾಲಿ ಮಾಡಿ ಎಂದಾಗಲೇ ಗೌರಮ್ಮನಿಗೆ ವಿಷಯ ತಿಳಿದದ್ದು. ಪತ್ರದ ಕೊನೆಗೆ ಮಾಮೂಲಿ ಸಾಲಿತ್ತು: ‘ಓದಿ ಹೇಳಲಾಗಿದೆ, ಕೇಳಿ ಒಪ್ಪಿದ್ದೇನೆ.’ ಯಾರೂ ಓದಿ ಹೇಳಿರಲಿಲ್ಲ ಎಂಬುದೇ ನಮ್ಮ ಇಡೀ ಕೇಸು.

ಸಿವಿಲ್ ದಾವೆಯಲ್ಲಿ ಸಾಕ್ಷಿ ತನ್ನ ಕಥೆಯನ್ನು ಮೊದಲು ಬಾಯಲ್ಲಿ ಹೇಳುವುದಿಲ್ಲ. ವಕೀಲರು ಅದನ್ನು ಅಫಿಡವಿಟ್ ಮಾಡಿ ಸಲ್ಲಿಸುತ್ತಾರೆ, ಆಮೇಲೆ ಎದುರು ವಕೀಲರ ಪಾಟೀಸವಾಲು. ಗೌರಮ್ಮನ ಅಫಿಡವಿಟ್ಟನ್ನು ಒಂಬತ್ತು ಪುಟ ಇಂಗ್ಲಿಷಿನಲ್ಲಿ ಬರೆದೆ. ಚೆನ್ನಾಗಿಯೇ ಬರೆದೆ. ಅದನ್ನು ಸಲ್ಲಿಸಬೇಕಾದ ದಿನ ಬೆಳಿಗ್ಗೆ ಮೆಟ್ರೋ ಇಳಿದು ಅವರು ಕೋರ್ಟಿಗೆ ಬರುವಷ್ಟರಲ್ಲಿ ಕೇಸು ಕೂಗುವ ಹೊತ್ತಾಗಿತ್ತು.

“ಏನೈತಮ್ಮಾ ಇದ್ರಲ್ಲಿ?” ಎಂದರು.

“ನೀವು ಹೇಳಿದ್ದೇ ಇದೆ ಅಜ್ಜಿ. ಇಲ್ಲಿ ಒತ್ತಿ,” ಎಂದೆ.

ಒತ್ತಿದರು. ಒಂಬತ್ತನೆಯ ಪುಟದಲ್ಲಿ, ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಸಾಲಿತ್ತು. ಹನ್ನೊಂದು ವರ್ಷದಿಂದ ನಾನು ಕಣ್ಣೆತ್ತಿಯೂ ನೋಡದೆ ಹಾಕಿಕೊಂಡು ಬಂದ ಸಾಲು.

ಪಾಟೀಸವಾಲಿನ ದಿನ ಎದುರು ವಕೀಲರು ಆ ಅಫಿಡವಿಟ್ಟನ್ನೇ ಎತ್ತಿಕೊಂಡರು. ಹಿರಿಯರು, ಒಂದು ಪ್ರಶ್ನೆಯನ್ನೂ ದಂಡ ಮಾಡದವರು.

“ಏನಮ್ಮಾ, ನಾಲ್ಕನೇ ಪ್ಯಾರಾದಲ್ಲಿ ಏನ್ ಬರ್ಸಿದೀರಿ?”

“ಪ್ಯಾರಾ ಅಂದ್ರೇನು ಸ್ವಾಮಿ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ನಿಮ್ಮ ಲಾಯರಮ್ಮ ಇದನ್ನ ಓದಿ ಹೇಳಿದ್ರಾ?”

ಗೌರಮ್ಮ ನನ್ನ ಕಡೆ ನೋಡಿದರು. ಹೂಂ ಅಂದುಬಿಡಿ ಎಂದು ನನ್ನ ಮನಸ್ಸು ಬೇಡುತ್ತಿತ್ತು.

“ಇಲ್ಲ. ಒತ್ತು ಅಂದ್ರು, ಒತ್ತಿದೆ.”

“ಅಲ್ಲಿಗೆ, ಓದಿ ಹೇಳಿದಾರೆ ಅಂತ ಇಲ್ಲಿ ಬರೆದಿರೋದು ಸುಳ್ಳು?”

“ಹಂಗಂತ ಬರ್ದಿದ್ರೆ ಅದು ಸುಳ್ಳೇ ಸ್ವಾಮಿ. ನನ್ ತಮ್ಮನೂ ಓದ್ಲಿಲ್ಲ, ಈಯಮ್ಮನೂ ಓದ್ಲಿಲ್ಲ. ಎಲ್ರೂ ಬೊಟ್ಟು ಮಾಡಿ ಜಾಗ ತೋರಿಸ್ತಾರೆ.”

ನ್ಯಾಯಾಧೀಶರು ಟೈಪಿಸ್ಟರಿಗೆ ಉತ್ತರ ಹೇಳಿ ಬರೆಸಿದರು. ನಂತರ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಮರುವಿಚಾರಣೆ ಇದೆಯಾ?” ಎಂದರು. ಕೆಡಿಸಿದ್ದನ್ನು ರಿಪೇರಿ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಸಿಗುವ ಅವಕಾಶ ಅದು. ನನ್ನ ಮಾನ ಉಳಿಸಿಕೊಳ್ಳುವ ಪ್ರಶ್ನೆಯೊಂದನ್ನು ಸುತ್ತಿಬಳಸಿ ಹೇಗೆ ಕೇಳಬಹುದು ಎಂದು ಎದ್ದು ನಿಂತು ಯೋಚಿಸಿದೆ. ಕೇಳಿದರೆ ನಿಜ ಹೇಳಿದ ಮುದುಕಿಯೇ ಸುಳ್ಳಿಯಾಗುತ್ತಿದ್ದಳು. ಇಲ್ಲ ಎಂದು ಕುಳಿತೆ.

ಕೊನೆಯ ವಾದದಲ್ಲಿ ಎದುರು ವಕೀಲರು, ಪ್ರಮಾಣ ಮಾಡಿ ಸುಳ್ಳು ಕೊಟ್ಟವರನ್ನು ನಂಬುವುದು ಹೇಗೆ ಎಂದು ಕೇಳಿದರು. ನನ್ನ ಸರದಿ ಬಂದಾಗ ಹೇಳಿದೆ: “ಆ ಸಾಲು ಸುಳ್ಳು, ಸ್ವಾಮಿ. ಬರೆದವಳು ನಾನು. ಸ್ವಂತ ವಕೀಲೆಯೇ ಓದಿ ಹೇಳದೆ ಒತ್ತಿಸಿಕೊಳ್ಳಬಹುದಾದರೆ, ಪಾಲು ಬಿಡಿಸಿಕೊಳ್ಳಬೇಕಿದ್ದ ತಮ್ಮ ಕೂರಿಸಿ ಓದಿ ಹೇಳಿರುತ್ತಾನೆಯೇ?” ಕಾನೂನು ಪುಸ್ತಕದ ವಾದವಲ್ಲ ಅದು. ನನ್ನ ಬಳಿ ಉಳಿದಿದ್ದದ್ದು ಅಷ್ಟೇ.

ಅದೊಂದರಿಂದಲೇ ಗೆದ್ದೆವು ಎಂದರೆ ಉತ್ಪ್ರೇಕ್ಷೆಯಾದೀತು. ಬಿಡುಗಡೆ ಪತ್ರಕ್ಕೆ ಸಾಕ್ಷಿ ಹಾಕಿದವನು, ಓದಿ ಹೇಳಿದರು ಎನ್ನುವ ಹೊತ್ತಿನಲ್ಲಿ ತಾನು ಹೊರಗೆ ಟೀ ಕುಡಿಯುತ್ತಿದ್ದೆ ಎಂದು ಒಪ್ಪಿಕೊಂಡಿದ್ದ. ಮುಂದಿನ ವರ್ಷ ತೀರ್ಪು ಬಂತು. ಪತ್ರ ರದ್ದಾಯಿತು, ಗೌರಮ್ಮನಿಗೆ ಅರ್ಧ ಪಾಲು. ಇಪ್ಪತ್ತೊಂದನೆಯ ಪ್ಯಾರಾದಲ್ಲಿ, ವಾದಿಯ ವಕೀಲರ ನಿರ್ಲಕ್ಷ್ಯ ಖಂಡನೀಯ ಎಂದೂ ಇತ್ತು.

ಕೋರ್ಟಿನ ಕಲ್ಲುಬೆಂಚಿನ ಮೇಲೆ ಕೂತು ತೀರ್ಪನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ, ಇಪ್ಪತ್ತೊಂದನ್ನೂ ಬಿಡದೆ. “ಬೈದವ್ರೆ ಅನ್ನು,” ಎಂದು ನಕ್ಕರು. ಇಂಗ್ಲಿಷ್ ಕಲಿಯಲು ಮೂರು ಪರೀಕ್ಷೆ ಬೇಕಾಯಿತು. ಕಲಿತದ್ದನ್ನು ಕಲಿಯದವರ ಕಿವಿಗೆ ಮುಟ್ಟಿಸುವುದು ವಕೀಲಿಕೆಯ ಅರ್ಧ ಕೆಲಸ ಎಂದು ಕಲಿಯಲು ಹನ್ನೊಂದು ವರ್ಷ.

ತೀರ್ಪಿನ ಮೊಹರು ಬಿದ್ದ ನಕಲಿಗೆ ಅರ್ಜಿ ಹಾಕಬೇಕಿತ್ತು. ಅರ್ಧ ಪುಟದ ಫಾರಂ, ಎಲ್ಲರಿಗೂ ಒಂದೇ. ಇಂಕ್ ಪ್ಯಾಡ್ ತೆರೆದು ಮುಂದೆ ಹಿಡಿದೆ. ಗೌರಮ್ಮ ಬೆರಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಮೊದ್ಲು ಓದಮ್ಮ,” ಎಂದರು.

ಓದಿದೆ.