ನನಗೆ ಹೊಸ ಆಲ್ಟರ್ನೇಟರ್ ಕೊಡದ ಶಿವಪ್ಪ

ಹೋದ ವಾರ ಬಸವನ ಬಾಗೇವಾಡಿಯಲ್ಲಿ ಒಬ್ಬ ಅಂಗಡಿಕಾರ ನನಗೆ ಸಾಮಾನು ಮಾರಲು ಸಾರಾಸಗಟಾಗಿ ನಿರಾಕರಿಸಿದ. ಸಾಮಾನು ಅವನ ಶೆಲ್ಫಿನ ಮೇಲೇ ಇತ್ತು, ಡಬ್ಬಿ ಕೂಡ ಒಡೆದಿರಲಿಲ್ಲ. ಕಾರಣ ಏನು ಗೊತ್ತೆ? ಇದೇ ಜಾಗದಲ್ಲಿ ನಾನು ಬರೆದ ಒಂದು ಅಂಕಣ!

ಮೊದಲಿನಿಂದ ಹೇಳುತ್ತೇನೆ. ನಾನು, ನನ್ನ ಹೆಂಡತಿ ಗಿರಿಜಾ ನಮ್ಮೂರು ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೊರಟಿದ್ದೆವು. ಗಿರಿಜಾಳ ಅಕ್ಕನ ಮಗಳು ಸುಮಾಳಿಗೆ ಅಂದು ಕುಬಸ. (ದಕ್ಷಿಣದ ಕಡೆಯ ಓದುಗರು ಸೀಮಂತ ಎಂದುಕೊಳ್ಳಿ.) ಚೊಚ್ಚಲ ಬಸುರಿ, ತಾಯಿ ಇಲ್ಲದ ಹುಡುಗಿ. ತವರಿನಿಂದ ಹಸಿರು ಸೀರೆ, ಕುಬಸದ ಖಣ ಒಯ್ದು ಉಡಿ ತುಂಬಲು ಇರುವವಳು ಗಿರಿಜಾ ಒಬ್ಬಳೇ. ಆ ಸೀರೆ ಉಡಿಸಿದ ಮೇಲೆಯೇ ಹುಡುಗಿಯನ್ನು ಆರತಿಗೆ ಕೂರಿಸಬೇಕು. ನಾಲ್ಕು ಗಂಟೆಗೆ ಕಾರ್ಯ. ಸೀರೆಯ ಗಂಟನ್ನು ಡಿಕ್ಕಿಯಲ್ಲಿಡಲು ಮನಸ್ಸಾಗದೆ ಗಿರಿಜಾ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಬಾಗೇವಾಡಿ ಹತ್ತಿರ ಬ್ಯಾಟರಿಯ ಕೆಂಪು ದೀಪ ಹತ್ತಿತು. ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ. ಹೇಗೋ ತಳ್ಳಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಆಟೋ ಎಲೆಕ್ಟ್ರಿಕ್ ಅಂಗಡಿ ಮುಟ್ಟಿದೆವು. ಮಾಲೀಕ ಶಿವಪ್ಪ ಬಾನೆಟ್ ಎತ್ತಿ ನೋಡಿದ.

"ಆಲ್ಟರ್ನೇಟರ್ ಸವದೈತ್ರಿ. ಬ್ಯಾಟರಿ ಚಾರ್ಜ್ ಆಗವಲ್ದು."

"ಹೊಸಾದ್ ಐತೇನು?"

"ಐತ್ರಿ."

"ಹಾಕಿಬಿಡ್ರಿ ಮತ್ತ."

ಆಗ ಅವನು ನನ್ನ ಮುಖ ದಿಟ್ಟಿಸಿ ನೋಡಿದ. "ಪೇಪರಿನ್ಯಾಗ ಬರಿಯಾವ್ರು ನೀವ ಅಲ್ಲೇನ್ರಿ?"

ಹೌದು ಎಂದೆ. (ಹೆಮ್ಮೆಯಿಂದಲೇ. ಅಲ್ಲ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.)

"ಹಳೇದನ್ನ ಒಗಿಯೂ ಮುಂದ ಒಂದೀಟು ಅದರ ಬಾಜೂಕ ಕುಂದರ್ರಿ ಅಂತ ಬರದಿದ್ರೆಲ್ರಿ! ಆ ಮಿಕ್ಸರ್ ರಿಪೇರಿದ್ದು! ಬಂದವರಿಗೆಲ್ಲಾ ಓದಿ ಹೇಳೇನ್ರಿ ನಾ. ಬ್ಯಾರೇದವ್ರಿಗೆ ಹೊಸಾದ್ ಕೊಡ್ತೇನಿ. ನಿಮಗ ಕೊಟ್ರ ಹೆಂಗ್ರಿ? ಕುಂದರ್ರಿ, ಒಂದ್ ತಾಸಿನ್ಯಾಗ ಇದನ್ನ ಹೊಸಾದ್ರಗತೆ ಮಾಡಿ ಕೊಡ್ತೇನಿ."

ಟ್ರ್ಯಾಕ್ಟರ್ ತಂದಿದ್ದ ನಾಲ್ಕೈದು ಮಂದಿ ಬೆಂಚಿನ ಮೇಲಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ಗಿರಿಜಾ ಕಾರಿನಿಂದಲೇ, "ಹೊತ್ತಾಗೈತ್ರಿ. ಆ ಡಬ್ಬಿ ಒಡಿಸಿ ಹಾಕಸ್ರಿ," ಎಂದಳು.

ನಾನು ಏನಂದೆ? "ರಿಪೇರಿನ ಮಾಡ್ರಿ."

ನಾಲ್ಕು ಅಂಗಡಿ ಆಚೆ ಇನ್ನೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಬೋರ್ಡು ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಅಷ್ಟು ಜನ ನೋಡುತ್ತಿರುವಾಗ ಎದ್ದು ಹೋಗುವುದು ಹೇಗೆ?

ಶಿವಪ್ಪ ಆಲ್ಟರ್ನೇಟರ್ ಬಿಚ್ಚಿದ. ಕಾರ್ಬನ್ ಬ್ರಷ್ ಸವೆದು ಕಡಲೆಬೇಳೆಯಷ್ಟಾಗಿತ್ತು. ಅದನ್ನು ಬದಲಿಸಿದ, ಸರಿ. ಬ್ರಷ್ ಉಜ್ಜುವ ರಿಂಗಿನಲ್ಲಿ ಗೆರೆ ಬಿದ್ದಿದೆ, ಲೇಥ್‌ಗೆ ಹಾಕಿ ನಯ ಮಾಡಿಸಬೇಕು ಎಂದ. ಬೈಕ್ ಹತ್ತಿ ಹೋದ. ಲೇಥಿನವನು ಊಟಕ್ಕೆ ಹೋಗಿದ್ದನಂತೆ. ಕಾಯ್ದು, ಮಾಡಿಸಿಕೊಂಡು ಬಂದ. ಈಗ ಜೊತೆಗೆ ತಂದ ಬೇರಿಂಗ್‌ನ ಸೈಜು ತಪ್ಪು! ಮತ್ತೆ ಬೈಕ್ ಹತ್ತಿದ. ಹೋಗುವಾಗೊಮ್ಮೆ, ಬರುವಾಗೊಮ್ಮೆ "ಕುಂದರ್ರಿ ಸರ್, ಚಾ ಕುಡೀರಿ" ಎಂಬ ಉಪಚಾರ ಬೇರೆ. ನನ್ನದೇ ವಾಕ್ಯದ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಗಿರಿಜಾ ಕಾರಿನಿಂದ ಇಳಿದಳು. ಗಂಟು ಕಂಕುಳಲ್ಲಿ.

"ನೀವು ಹಳೇದರ ಬಾಜೂಕ ಕುಂದರ್ರಿ. ನಾ ಬಸ್ಸಿಗೆ ಹೊಂಟೆ."

"ಇನ್ನೇನ್ ಆತು, ಹತ್ತ ಮಿನಿಟು..."

"ಮಿಕ್ಸರ್ ರಿಪೇರಿಗೆ ಹೋದಾಗೂ ಹಿಂಗ ಅಂದಿದ್ರಿ. ಅದು ತಿರುಗಿ ಬರೂತನಕ ಕಲ್ಲಿನ್ಯಾಗ ಚಟ್ನಿ ಅರದಾಕಿ ನಾನು. ಅದನ್ಯಾಕ ಬರೀಲಿಲ್ಲ?"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಅವಳನ್ನು ಹತ್ತಿಸಿಕೊಂಡು ಮುದ್ದೇಬಿಹಾಳದ ಬಸ್ಸು ಹೊರಟುಹೋಯಿತು.

ನನಗೆ ರೇಗಿತು. ಅವಳ ಮೇಲೆ, ಶಿವಪ್ಪನ ಮೇಲೆ, ಆ ಲೇಥಿನವನ ಊಟದ ಮೇಲೆ. ರಿಪೇರಿ ಒಳ್ಳೆಯದೇ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ರಿಪೇರಿಗೆ ಹೊತ್ತು ಬೇಕು ಸ್ವಾಮಿ! ಆ ಹೊತ್ತು ಯಾರ ಪಾಲಿನದು? ಫ್ಯಾನು ರಿಪೇರಿಗೆ ಹೋದರೆ ಅಡುಗೆಮನೆಯಲ್ಲಿ ಬೆವರುವವರು ಯಾರು? ಅಂಕಣ ಬರೆಯುವವರಂತೂ ಅಲ್ಲ.

ನಾನು ಮುದ್ದೇಬಿಹಾಳ ಮುಟ್ಟಿದಾಗ ಊಟದ ಪಂಕ್ತಿ ಎದ್ದಿತ್ತು. ಕಾರು ಮಾತ್ರ ಬಹಳ ಗಟ್ಟಿ ದನಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹೊತ್ತಾಯಿತೆಂದು ಬೀಗರು ಬೇರೊಂದು ಸೀರೆ ತಂದಿಟ್ಟಿದ್ದರಂತೆ. "ಚಿಗವ್ವ ಬರೂತನಕ ನಾ ಕುಂದ್ರಂಗಿಲ್ಲ" ಎಂದು ಸುಮಾ ಬಾಗಿಲಲ್ಲೇ ನಿಂತಿದ್ದಳಂತೆ, ತುಂಬು ಬಸುರಿ. ಗಿರಿಜಾ ಬಸ್ಸಿಳಿದು ಓಡಿಯೇ ಬಂದಳಂತೆ. ಎಲ್ಲ "ಅಂತೆ"ಗಳೇ. ನಾನು ಎಲ್ಲಿದ್ದೆ ಕಣ್ಣಾರೆ ಕಾಣಲು?

ಹಸಿರು ಸೀರೆ ಉಟ್ಟು ಕುಳಿತಿದ್ದ ಸುಮಾಳಿಗೆ ಆಲ್ಟರ್ನೇಟರ್ ಕತೆ ಪೂರ್ತಿ ಹೇಳಿದೆ. ಕೇಳಿಸಿಕೊಂಡಳು.

"ಗಾಡಿ ಅಲ್ಲೇ ಬಿಟ್ಟು ನೀವೂ ಚಿಗವ್ವನ ಜೋಡಿ ಬಸ್ ಹತ್ತಬೇಕಿಲ್ಲೇನ್ ಕಾಕಾ?"

ಅದು ನನಗೆ ಹೊಳೆದೇ ಇರಲಿಲ್ಲ.

ಹೊರಡುವಾಗ ಕಾರಿನ ಬಾಗಿಲು ತೆರೆದು ಹಿಡಿದೆ. ಗಿರಿಜಾ ಬಸ್ ಸ್ಟ್ಯಾಂಡ್ ಕಡೆ ನಡೆದಳು. ಇಂಡಿಯವರೆಗೂ ಅವಳು ಕೂತ ಬಸ್ಸಿನ ಹಿಂದೆಯೇ ಹಾರ್ನ್ ಹೊಡೆಯುತ್ತ ಬಂದೆ. ಒಮ್ಮೆಯೂ ಅವಳು ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಈಗ ನೀವೇ ಹೇಳಿ, ಅಷ್ಟು ಹೊತ್ತು ಆ ಬೆಂಚಿನ ಮೇಲೆ ಕೂತು ನಾನು ಉಳಿಸಿಕೊಂಡದ್ದು ಏನನ್ನು?