ಗಾಲಿಯ ಮೇಲೆ ವೈನಿಯ ಮನೆ

ತಾನು ನಡೆಯುವುದನ್ನು ತಾನೇ ನೋಡುವ ಪ್ರಸಂಗ ಬರುವತನಕ ಪ್ರತಿಯೊಬ್ಬ ಮನುಷ್ಯನೂ ತನ್ನದು ಗಜಗಮನವೆಂದೇ ನಂಬಿರುತ್ತಾನೆ, ನಾನೂ ನಂಬಿದ್ದೆ. ಹೊಸದಾಗಿ ಕೊಂಡ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು, ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿನ ಪಡಸಾಲೆಯಿಂದ ಅಡುಗೆಮನೆಯವರೆಗೆ ನಡೆದು ತೆಗೆದ ವಿಡಿಯೋವನ್ನು ಟೀವಿಗೆ ಹಚ್ಚಿ ನೋಡಿದೆ ನೋಡಿ, ಗೋಡೆಗಳು ಜೋಕಾಲಿ ಆಡುತ್ತಿದ್ದವು, ಫ್ರಿಜ್ಜು ಕುಣಿಯುತ್ತಿತ್ತು, ಫ್ಯಾನು ಹೊಯ್ದಾಡುತ್ತಿತ್ತು. ಇಷ್ಟು ವರ್ಷ ಒಂಟಿಯಾಗಿದ್ದು ಇದ್ದು ನಡಿಗೆಯೂ ಒಂಟೆಯದಾಯಿತೇನೋ ಎಂದುಕೊಂಡು ಒಬ್ಬನೇ ನಕ್ಕೆ. ಒಬ್ಬನೇ ನಗುವುದರಲ್ಲಿ ಒಂದು ಸೌಕರ್ಯವಿದೆ: ಯಾವಾಗ ನಿಲ್ಲಿಸಿದರೂ ಯಾರೂ ಕೇಳುವುದಿಲ್ಲ.

ಕ್ಯಾಮೆರಾ ಕೊಂಡದ್ದು ಷೋಕಿಗಲ್ಲ, ಇಂದಿರಾವೈನಿಗಾಗಿ. ನಮ್ಮ ಕಾರ್ಖಾನೆಯಲ್ಲಿ ನನಗಿಂತ ಹಿರಿಯನಾಗಿದ್ದ ರಾಘಣ್ಣನ ಹೆಂಡತಿ ಆಕೆ, ಹಾಗಾಗಿ ನನಗೆ ವೈನಿ, ಎಂದರೆ ಅತ್ತಿಗೆ. ಮದುವೆಯಾಗದೆ ಉಳಿದ ನನಗೆ ಕಾರ್ಖಾನೆಯ ಕಾಲನಿಯಲ್ಲಿ ಅವರಿದ್ದ ಕ್ವಾರ್ಟರ್ಸೇ ಸಂಜೆಯ ಮನೆ. ವೈನಿಯ ಜೋಳದ ಭಕ್ಕರಿಯೂ ಬೈಗುಳವೂ ಅಷ್ಟೇ ಬಿಸಿಯಾಗಿ ನನ್ನ ತಾಟಿಗೆ ಬೀಳುತ್ತಿದ್ದವು. ರಾಘಣ್ಣ ತೀರಿಕೊಂಡ ಮೇಲೆ ಆಕೆ ಮಗನ ಜೊತೆ ಹುಬ್ಬಳ್ಳಿಗೆ ಹೋದರು. ಅಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿರುವಾಗಲೇ, ಇಲ್ಲಿ ಆ ಹಳೆಯ ಮನೆಗಳನ್ನೆಲ್ಲ ಕೆಡವಿ ಹೊಸ ಕಟ್ಟಡ ಎಬ್ಬಿಸುವ ಸುದ್ದಿ ಬಂತು. ಕೇಳಿದೊಡನೆ ಫೋನು ಮಾಡಿದರು. “ನನಗಂತೂ ಬರಾಕ ಆಗಂಗಿಲ್ಲ. ನೀವರ ಅಲ್ಲೇ ಅದೀರಲ್ರಿ, ಒಮ್ಮೆ ನಮ್ಮನಿ ತೋರಸ್ರಿ. ಆಮ್ಯಾಲ ಬೇಕಾದ್ರ ಕೆಡವಲಿ, ನಾ ಏನೂ ಅನ್ನಂಗಿಲ್ಲ.” ಬುಲ್ಡೋಜರಿನವನು ಇವರ ಅಪ್ಪಣೆಗೇ ಕಾದು ನಿಂತಿದ್ದನೆಂಬ ಧಾಟಿ.

ಅಂಥ ಮನೆಯನ್ನು ನನ್ನ ಒಂಟೆನಡಿಗೆಯಲ್ಲಿ ತೋರಿಸಲಾದೀತೆ? ಕೋಠಿಯ ಕ್ಯಾಮೆರಾ ಅಂಗಡಿಗೆ ಹೋದೆ. ಚಿತ್ರ ನಡುಗದಂತೆ ಸಾಗಿಸಲು ಜಗತ್ತಿನಲ್ಲಿ ಎರಡು ಮಾರ್ಗಗಳಿವೆಯೆಂದು ಅಲ್ಲಿ ತಿಳಿಯಿತು. ಒಂದು ಸ್ಲೈಡರು: ಮೊಳದುದ್ದದ ಎರಡು ಸರಳುಗಳ ಮೇಲೆ ಕ್ಯಾಮೆರಾ ಬೆಣ್ಣೆಯಂತೆ ಜಾರುತ್ತದೆ, ಆದರೆ ಸರಳು ಮುಗಿದಲ್ಲಿಗೆ ಅದರ ಲೋಕಯಾತ್ರೆಯೂ ಮುಗಿಯುತ್ತದೆ. ಪಡಸಾಲೆ ತೋರಿಸಬಲ್ಲದೇ ಹೊರತು ಅಡುಗೆಮನೆ ಮುಟ್ಟಿಸಲಾರದು. ಇನ್ನೊಂದು ಡಾಲಿ: ಗಾಲಿ ಕಟ್ಟಿದ ಮಣೆ. ಎಷ್ಟು ದೂರವಾದರೂ ಹೋದೀತು, ಆದರೆ ನೆಲ ಕನ್ನಡಿಯಂತಿರಬೇಕು. ವೈನಿಯ ಮನೆಗೆ ಹಾಸಿದ್ದು ಶಹಾಬಾದಿ ಫರಸಿ. ಕಲ್ಲಿಗೊಂದು ಸಂದು, ಸಂದಿಗೊಂದು ಧಡಕ್ಕು. ಹಾಗಾದರೆ ಕೊಳವೆಗಳ ಹಳಿ ಹಾಸಿ ಅದರ ಮೇಲೆ ಡಾಲಿ ಓಡಿಸಬೇಕು. ನಾನು ಬೇರಿಂಗು ತಿರುಗಿಸಿ, ಗಾಲಿಗೆ ಕಿವಿಯಿಟ್ಟು, ಮಗಳಿಗೆ ವರ ನೋಡುವವನ ಹಾಗೆ ಗುಣದೋಷ ವಿಚಾರಿಸುತ್ತಿದ್ದಾಗ ಅಂಗಡಿಯ ಮಾಲಕ, “ಕಿಸ್ಕಿ ಶಾದಿ ಹೈ ಸಾಬ್?” ಎಂದ. ಶಾದಿಯಲ್ಲ, ಖಾಲಿ ಮನೆ ಎಂದೆ. ಆತ ಪಾನು ಜಗಿಯುವುದನ್ನೇ ನಿಲ್ಲಿಸಿ, “ಖಾಲಿ ಘರ್ ಕೂ ಡಾಲಿ ಕಾಯ್ಕು ಸಾಬ್?” ಎಂದು ಕೇಳಿದ. ಖಾಲಿ ಮನೆಗೆ ಡಾಲಿ ಏಕೆಂಬ ಕಾಲಮ್ಮು ಬಾಡಿಗೆಯ ರಸೀದಿಯಲ್ಲಿರಲಿಲ್ಲ, ಸಹಿ ಹಾಕಿದೆ. ಹಳಿಸಮೇತ ಡಾಲಿಯನ್ನು ಬಾಡಿಗೆಗೆ ತಂದೆ.

ಚಿತ್ರ ತೆಗೆದದ್ದು ತೆಲಂಗಾಣ ಬಂದ್‌ನ ದಿನ. ಪ್ರತ್ಯೇಕ ರಾಜ್ಯದ ಹೋರಾಟಕ್ಕಾಗಿ ಆಗ ವಾರ ಬಿಟ್ಟು ವಾರ ಬಂದ್ ಆಗುತ್ತಿದ್ದ ಕಾಲ. ರಸ್ತೆಯ ಸದ್ದು ಒಳಗೆ ಬರಬಾರದೆಂದು ನಾನು ಬೇಕೆಂದೇ ಆ ದಿನ ಹಿಡಿದಿದ್ದೆ. ಬಾಗಿಲಿನಿಂದ ಪಡಸಾಲೆ, ಪಡಸಾಲೆಯಿಂದ ದೇವರಗೂಡು, ಅಲ್ಲಿಂದ ಅಡುಗೆಮನೆಯ ಮಸಿ ಹಿಡಿದ ಗೋಡೆ; ಉಸಿರು ಬಿಗಿಹಿಡಿದು ಡಾಲಿಯನ್ನು ನೂಕಿದೆ. ಚಿತ್ರ ಹೊಳೆಯ ಮೇಲಿನ ದೋಣಿಯಂತೆ ಸಾಗಿತ್ತು. ಸಿ.ಡಿ. ಮಾಡಿಸಿ ಹುಬ್ಬಳ್ಳಿಗೆ ಕಳಿಸಿ, ಹೊಗಳಿಕೆಗೆ ಕಿವಿ ತೆರೆದು ಕೂತೆ.

ವೈನಿಯ ಫೋನು ಬಂತು. “ಮನಿ ನಮ್ಮದ ಐತ್ರಿ. ಬಂದವ್ರು ಯಾರಂತ ತಿಳೀಲಿಲ್ಲ.”

“ನಾನ ಅಲ್ರಿ ವೈನಿ!”

“ನೀವು? ಕೂಗಲಿಲ್ಲ, ಕದದ ಸಪ್ಪಳಿಲ್ಲ, ಬೆಕ್ಕಿನ್ಹಂಗ ಸರ್ರಂತ ಅಡಗಿಮನೀಗೆ ಹೊಕ್ರಿ. ಕಳ್ಳ ಬಂದಾಂಗಾತು. ನಮ್ಮನಿಗೆ ಯಾವತ್ತರ ಹಂಗ ಬಂದೀರೇನು?”

ಬಂದಿರಲಿಲ್ಲ. ನಮ್ಮ ಕಡೆ ಎಷ್ಟೇ ಸಲಿಗೆಯ ಮನೆಯಾದರೂ ಹೊರಗೆ ನಿಂತು ಒಂದು ಮಾತು ಕೂಗಬೇಕು. ಒಳಗಿನಿಂದ ‘ಬರ್ರಿ’ ಎಂದ ಮೇಲೆಯೇ ಕಾಲಿಡಬೇಕು. ಈಗ ನನ್ನ ಫ್ಲ್ಯಾಟಿನಲ್ಲಿ ಅದಕ್ಕೆಲ್ಲ ಅವಕಾಶವೇ ಇಲ್ಲ, ಕರೆಗಂಟೆಯಿದೆ. ಕೊರಿಯರಿನವನು ಒತ್ತುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಕೂಗುವ ರೂಢಿ ಯಾವಾಗ ತಪ್ಪಿತೋ ನನಗೇ ತಿಳಿದಿರಲಿಲ್ಲ. ನಡುಕ ತೆಗೆಯುವ ಉತ್ಸಾಹದಲ್ಲಿ ನಡೆದವನನ್ನೇ ಚಿತ್ರದಿಂದ ತೆಗೆದುಹಾಕಿದ್ದೆ.

ಮರುದಿನವೇ ಮತ್ತೆ ಹೋದೆ. ಪಕ್ಕದ ಸಾಲಿನ ಮನೆಗಳು ಅಷ್ಟರಲ್ಲೇ ಇಟ್ಟಿಗೆಯ ರಾಶಿಯಾಗಿದ್ದವು. ಮೇಸ್ತ್ರಿ ಗಡಿಯಾರ ತೋರಿಸಿ “ತ್ವರಗಾ ಸಾರ್” ಎಂದ. ಡಾಲಿಯಿಲ್ಲ, ಹಳಿಯಿಲ್ಲ. ಕ್ಯಾಮೆರಾ ಕೈಯಲ್ಲಿ ಹಿಡಿದು ಬಾಗಿಲ ಹೊರಗೆ ನಿಂತು ಕೂಗಿದೆ: “ವೈನೀ, ಅದೀರೇನ್ರೀ?”

ಬೋಳು ಗೋಡೆಗಳಿಗೆ ಬಡಿದು ನನ್ನ ದನಿ ನನ್ನ ಹತ್ತಿರವೇ ವಾಪಸು ಬಂತು. ‘ಬರ್ರಿ’ ಎನ್ನುವವರು ಯಾರೂ ಇರಲಿಲ್ಲ. ಆ ಮಾತು ಕೇಳದೆ ಒಳಗೆ ಹೋಗಲು ನನ್ನ ಕಾಲೂ ಏಳಲಿಲ್ಲ. ಎಷ್ಟು ಹೊತ್ತು ನಿಂತೆನೋ, ಹಿಂದಿನಿಂದ ಮೇಸ್ತ್ರಿ ಕೆಮ್ಮಿದ. ಆಗ ಒಳಗೆ ನಡೆದೆ, ನನ್ನ ಒಂಟೆನಡಿಗೆಯಲ್ಲೇ, ಇದು ಪಡಸಾಲಿ ನೋಡ್ರಿ, ಇಲ್ಲೇ ರಾಘಣ್ಣ ಪೇಪರ್ ಓದಕೋತ ಕೂಡ್ತಿದ್ದ ಎಂದು ಬಡಬಡಿಸುತ್ತ. ಚಿತ್ರ ಉದ್ದಕ್ಕೂ ನಡುಗಿತು. ಎಲ್ಲ ನಡುಕವೂ ನಡಿಗೆಯದೇ ಎಂದು ನಾನು ಹೇಳಲಾರೆ.

ಆ ಸಿ.ಡಿ.ಯೂ ಹುಬ್ಬಳ್ಳಿಗೆ ಹೋಯಿತು. ಈ ಸಲ ಫೋನು ಮಾಡಿದವನು ವೈನಿಯ ಮಗ. “ಕಾಕಾ, ಬಾಗಲದಾಗ ಯಾಕ ಅಷ್ಟೊತ್ತು ನಿಂತ್ರಿ? ಟೀವಿ ಕೆಟ್ಟತೇನೋ ಅಂತ ನಾ ಏಳಾಕ ಹತ್ತಿದ್ದೆ. ಅಷ್ಟ್ರಾಗ ಅವ್ವ ಮಲಕೊಂಡಲ್ಲಿಂದನ ‘ಬರ್ರಿ, ಒಳಗ ಬರ್ರಿ’ ಅಂತ ಕೂಗಿದ್ಲು ನೋಡ್ರಿ. ಆಮ್ಯಾಲ ನೀವು ಒಳಗ ಬಂದ್ರಿ.”