ಸೌತೆಕಾಯಿಗೆ ಅತ್ತೆ ಹೇಳಿದ ದರ

ನಿನ್ನೆ ಬಾಲ್ಕನಿಯ ಮೂಲೆಯಿಂದ ನೀಲಿ ಡ್ರಮ್ಮನ್ನು ಎಳೆದು ತಂದೆ. ಊರಿಂದ ಬಂದ ಕುಚ್ಚಲಕ್ಕಿಯನ್ನು ಅದರಲ್ಲಿ ತುಂಬಿಸಿಡುವ ಅಂದಾಜು. ಮುಚ್ಚಳ ತಿರುಗಿಸಿದ್ದೇ ತಡ, ಉಪ್ಪುನೀರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಕೆಲವು ವರ್ಷಗಳಾದವು, ಸಾಬೂನು ಹಾಕಿ ತೊಳೆದದ್ದೂ ಆಯಿತು, ಬಿಸಿಲಿಗೆ ಒಣಗಿಸಿದ್ದೂ ಆಯಿತು, ವಾಸನೆ ಮಾತ್ರ ಹೋಗಿಲ್ಲ. ಆದ್ದರಿಂದ ನೀವು ಯಾವತ್ತಾದರೂ ಹಳೆಯ ಪ್ಲಾಸ್ಟಿಕ್ ಡ್ರಮ್ ಕೊಳ್ಳುವುದಿದ್ದರೆ ಮೊದಲು ತಲೆಯನ್ನು ಒಳಗೆ ಹಾಕಿ ಮೂಸಿ ನೋಡಿ, ಆಮೇಲೆ ದರ ಮಾತಾಡಿ. ವಾಸನೆ ಇದ್ದರೆ ಅರ್ಧಕ್ಕೆ ಕೇಳಬಹುದು. ನನ್ನದನ್ನು ಮಾತ್ರ ಕೇಳಬೇಡಿ. ಇದು ರಷ್ಯದ ಯುದ್ಧನೌಕೆಗೆ ಹೋಗಿ ಬಂದ ಡ್ರಮ್.

ನನ್ನ ಪರಿಚಯ ಹೇಳಿಬಿಡುತ್ತೇನೆ. ದೋಹಾ ಬಂದರಿಗೆ ಬರುವ ಹಡಗುಗಳಿಗೆ ತರಕಾರಿ, ಹಣ್ಣು ಒದಗಿಸುವುದು ನನ್ನ ಕಸುಬು. ಬಂದದ್ದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಿಕಪ್ ಓಡಿಸಲಿಕ್ಕೆ. ಓಡಿಸುತ್ತಾ ಓಡಿಸುತ್ತಾ ಹಿಂದೆ ಹೇರಿದ ಪೆಟ್ಟಿಗೆಗಳೊಳಗೆ ಏನುಂಟು, ಅದನ್ನು ಯಾರು ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಕಲಿತೆ. ಟೊಮೆಟೊ ಪೆಟ್ಟಿಗೆಯ ಮೇಲಿನ ಸಾಲು ನೋಡಿ ದರ ಒಪ್ಪುವವರನ್ನು ಕಂಡರೆ ನನಗೆ ಈಗಲೂ ಕನಿಕರ. ಕೈ ಹಾಕಿ ಅಡಿಯದನ್ನು ತೆಗೆಯಬೇಕು. ಮಾರುವವನ ಮುಖ ನೋಡುತ್ತಾ ತೆಗೆಯಬೇಕು. ಹಡಗು ಎಂದರೆ ಬೇರೆಯವರಿಗೆ ಅದರ ಎತ್ತರ ಕಾಣುತ್ತದೆ, ಬಾವುಟ ಕಾಣುತ್ತದೆ. ನನಗೆ ಕಾಣುತ್ತಿದ್ದದ್ದು ಅದರ ಹೊಟ್ಟೆ ಒಂದೇ. ಇಷ್ಟು ಜನ, ಇಷ್ಟು ದಿನ, ಇಷ್ಟು ಈರುಳ್ಳಿ. ಬಂತು, ತಿಂದಿತು, ಹೋಯಿತು, ಖಲಾಸ್.

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ, ನನ್ನ ಮದುವೆಯ ಮಾತುಕತೆಗೆ ಹೋಗುವ ತನಕ. ಅತ್ತೆ ಮಲ್ಪೆ ಕಡೆಯವರು. ಗಂಡನ ದೋಣಿಯ ಮೀನನ್ನು ಬಂದರಿನ ಕಟ್ಟೆಯಲ್ಲಿ ಕೂತು ಮಾರಿ ಮನೆ ಕಟ್ಟಿಸಿದ ಹೆಂಗಸು. ಆ ದಿನ ಎಲ್ಲದಕ್ಕೂ ನನ್ನ ಬಾಯಿಂದಲೇ ಹೂಂ ಅನ್ನಿಸಿಕೊಂಡು, ಹೊರಡುವಾಗ ನಾನೇ ಥ್ಯಾಂಕ್ಸ್ ಹೇಳುವ ಹಾಗೆ ಮಾಡಿ ಕಳಿಸಿದರು. ಅಂದಿನಿಂದ ನಾನವರ ಅಭಿಮಾನಿ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಮಾಮಿ ಮೊದಲ ಸಲ ಕತಾರಿಗೆ ಬಂದ ವರ್ಷವೇ ಈ ಡ್ರಮ್ಮಿನ ಕಥೆ ನಡೆದದ್ದು.

ಬಂದ ಮರುದಿನ ಅಲ್ ವುಕೈರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಎದುರಿನ ಮರಳು, ಅದರಾಚೆ ಕಟ್ಟುತ್ತಿದ್ದ ಮತ್ತೊಂದು ಫ್ಲ್ಯಾಟನ್ನು ನೋಡಿ, ಸಮುದ್ರ ಎಲ್ಲುಂಟು ಎಂದು ಕೇಳಿದರು. ಸಂಜೆ ಸಮುದ್ರದಂಡೆಯ ಕಾರ್ನಿಶಿಗೆ ಕರೆದುಕೊಂಡು ಹೋದೆ. ದೀಪದ ಗೋಪುರಗಳು, ನಡೆದಾಡುವ ಜನ, ಕಲ್ಲು ಹಾಸಿನ ದಾರಿ. ಎಲ್ಲ ತೋರಿಸಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರನ್ನೇ ಒಂದಷ್ಟು ಹೊತ್ತು ನೋಡಿದರು.

"ಇದು ನೋಡ್ಲಿಕ್ಕೆ ಇಟ್ಟ ಸಮುದ್ರ," ಅಂದರು. "ಇದಕ್ಕೆ ಎಂಥ ಕೆಲಸವೂ ಇಲ್ಲ ಮಾರಾಯಾ."

ಅದೇ ವಾರ ರಷ್ಯದ ಮೂರು ಯುದ್ಧನೌಕೆಗಳು ಸ್ನೇಹದ ಭೇಟಿಗೆಂದು ಬಂದವು. ಮಾರ್ಚ್ ತಿಂಗಳು, ಬೆಳಗ್ಗೆ ಹಿತವಾದ ಗಾಳಿ. ಬೂದು ಬಣ್ಣದ ಹಡಗುಗಳ ತಲೆಯಿಂದ ಬಾಲದವರೆಗೆ ಬಣ್ಣಬಣ್ಣದ ಪತಾಕೆ ಕಟ್ಟಿದ್ದರು. ದಡದಲ್ಲಿ ಬ್ಯಾಂಡು, ಕೆಂಪು ಹಾಸು, ಬಿಳಿ ಸಮವಸ್ತ್ರದ ಸಾಲು. ಒಂದು ಕಡೆಯವರು ಸೆಲ್ಯೂಟ್ ಹೊಡೆದರೆ ಇನ್ನೊಂದು ಕಡೆಯವರು ಅದಕ್ಕಿಂತ ಜೋರಾಗಿ ಹೊಡೆಯುವುದು. ತಾಜಾ ತರಕಾರಿಯ ಆರ್ಡರು ಒಬ್ಬ ಏಜೆಂಟನ ಮೂಲಕ ನನಗೆ ಸಿಕ್ಕಿತ್ತು. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಸಾಲದ್ದಕ್ಕೆ, ಹಡಗಿನ ಮೇಲೆ ನಡೆಯುವ ಔತಣಕ್ಕೆ ನನ್ನನ್ನು ಕರೆಯದೆ ಇರುತ್ತಾರೆಯೇ ಎಂದು ಅಲ್ ಮುಂತಜಾದ ಅಂಗಡಿಯಲ್ಲಿ ಒಂದು ನೀಲಿ ಕೋಟನ್ನೂ ಕೊಂಡುಬಿಟ್ಟಿದ್ದೆ. ಒಳ್ಳೆಯ ಬೆಲೆಗೇ ಸಿಕ್ಕಿತು, ಅದು ಬೇರೆ ಮಾತು.

ಹಡಗಿನ ಉಗ್ರಾಣದ ಮುಖ್ಯಸ್ಥ ಗೆನ್ನಾದಿ ಎಂಬವನು. ದಪ್ಪ ಕುತ್ತಿಗೆ, ತುಂಡು ಇಂಗ್ಲಿಷ್. ಅದು ಸಾಲದಾದಾಗ ಫೋನಿಗೆ ರಷ್ಯನ್ ಹೇಳಿ ಅದರಿಂದ ಇಂಗ್ಲಿಷ್ ಹೇಳಿಸುತ್ತಿದ್ದ. ಔತಣದ ಮೇಜಿನ ಮೇಲೆ ತಮ್ಮ ದೇಶದ ಕಪ್ಪು ಬ್ರೆಡ್ಡಿನ ಜೊತೆ ಉಪ್ಪಿನ ಸೌತೆಕಾಯಿ ಇರಲೇಬೇಕು, ತಂದದ್ದು ದಾರಿಯಲ್ಲೇ ಮುಗಿದಿದೆ ಎಂದ. ಮಾಫಿ ಮುಶ್ಕಿಲ್, ತೊಂದರೆಯೇ ಇಲ್ಲ ಎಂದೆ. ಈ ಊರಲ್ಲಿ ಏನು ಕೇಳಿದರೂ ಮೊದಲು ಹಾಗೆ ಹೇಳಬೇಕು. ತೊಂದರೆ ಏನೆಂದು ಆಮೇಲೆ ನೋಡಿಕೊಂಡರಾಯಿತು. ಸಗಟು ಅಂಗಡಿಯಿಂದ ಗಾಜಿನ ಭರಣಿಗಳ ಪೆಟ್ಟಿಗೆಗಳನ್ನು ಇಳಿಸಿದೆ. ಗೆನ್ನಾದಿ ಒಂದನ್ನು ತೆರೆದ, ಒಂದು ಸೌತೆಕಾಯಿ ಕಚ್ಚಿದ, ಕಚ್ಚಿದ ತುಂಡನ್ನು ತಿರುಗಿ ಭರಣಿಗೇ ಹಾಕಿ ಮುಚ್ಚಳ ಬಿಗಿದ. "ಇದು ವಿನೆಗರ್," ಎಂದ. ತಮಗೆ ಬೇಕಾದದ್ದು ಬರೀ ಉಪ್ಪುನೀರಲ್ಲಿ, ಸಬ್ಬಸಿಗೆ ಹಾಕಿ, ತಾನಾಗಿ ಹುಳಿ ಬರಿಸಿದ್ದು ಎಂದು ಫೋನಿನಿಂದ ಹೇಳಿಸಿದ. ಔತಣ ಮೂರನೆಯ ದಿನ ಸಂಜೆಗಿತ್ತು.

ಮನೆಗೆ ಬಂದು ಹೆಂಡತಿಯ ಹತ್ತಿರ ನನ್ನ ಸಂಕಟ ತೋಡಿಕೊಳ್ಳುತ್ತಿದ್ದೆ. ಮಾಮಿ ಮಧ್ಯೆ ಬಾಯಿ ಹಾಕಿ, ಆ ಮನುಷ್ಯ ಸರಿಯಾಗಿ ಎಂಥ ಹೇಳಿದ ಎಂದು ವಿಚಾರಿಸಿದರು. ಹುಳಿ ಹಾಕಬಾರದು, ಬರೀ ಉಪ್ಪುನೀರು, ಆದರೆ ಹುಳಿ ಬರಬೇಕು. ಅಷ್ಟೇ ಅಲ್ವಾ ಎಂದರು. ನಮ್ಮ ಕರಾವಳಿಯಲ್ಲಿ ಹಲಸಿನ ಸೊಳೆ, ಮಾವಿನಕಾಯಿ ಉಪ್ಪುನೀರಲ್ಲಿ ಹಾಕಿಡದ ಮನೆಯಿಲ್ಲ. ಅದನ್ನು ತಿಂದೇ ಬೆಳೆದ ನನಗೆ ಇದು ಹೊಳೆಯದೆ, ಭರಣಿಯ ಮೇಲಿನ ಚೀಟಿ ನೋಡಿ ಮಾಲು ಇಳಿಸಿದ್ದೆ. ಟೊಮೆಟೊ ಪೆಟ್ಟಿಗೆಯ ಉಪದೇಶ ಮಾಡಿದವನೂ ನಾನೇ.

ಹರಳುಪ್ಪು ಹಾಕಿ ಕುದಿಸಿ ಆರಿಸಿದ ನೀರು, ಇಲ್ಲಿನ ಎಳೆಯ ಪುಟ್ಟ ಸೌತೆಕಾಯಿ, ಜಜ್ಜಿದ ಬೆಳ್ಳುಳ್ಳಿ, ಗೆನ್ನಾದಿ ಹೇಳಿದ್ದ ಸಬ್ಬಸಿಗೆ. ಎಲ್ಲ ಈ ನೀಲಿ ಡ್ರಮ್ಮಿಗೆ ಬಿತ್ತು. ಹಸಿಮೆಣಸು ಬೇಡ, ಅವರಿಗೆ ತಡೆಯಲಿಕ್ಕಾಗದು ಎಂದು ನಾನು ಬೇಡಿಕೊಂಡೆ. ಆ ಕಡೆ ತಿರುಗಿ ನೋಡುವಷ್ಟರಲ್ಲಿ ನಾಲ್ಕೈದು ಬಿದ್ದಿದ್ದವು. ಡ್ರಮ್ಮನ್ನು ಬಾಲ್ಕನಿಯ ಬಿಸಿಲಿಗಿಟ್ಟರು. ದೋಹಾದ ಬಿಸಿಲಿನಿಂದ ನನಗೆ ಲಾಭವಾದದ್ದು ಅದೊಂದೇ ಸಲ. ಔತಣದ ದಿನ ಬೆಳಗ್ಗೆ ಮಾಮಿ ಒಂದನ್ನು ಕಚ್ಚಿ, ಆಯಿತು ಎಂದು ತಲೆಯಾಡಿಸಿದರು.

ವ್ಯಾನು ಹೊರಡುವಾಗ ಬಾಗಿಲಿಗೆ ಬಂದರು. "ದರ ನಾನು ಹೇಳ್ತೇನೆ."

ನಾನು ನಕ್ಕೆ. ಎಷ್ಟು ಮಾಮಿ ಎಂದೆ.

"ದುಡ್ಡು ಬೇಡ. ನಾನು ಆ ಹಡಗು ಹತ್ತಬೇಕು."

ಇಲ್ಲೊಂದು ವಿಷಯ ನಿಮಗೆ ಹೇಳಬೇಕು. ಮಾಮಿಯ ಅಪ್ಪನಿಗೆ ದೋಣಿಯಿತ್ತು, ಗಂಡನಿಗಿತ್ತು, ಈಗ ಮಗನಿಗೂ ಉಂಟು. ಆ ದೋಣಿಗಳ ಮೀನು ಮಾರಿ ಅವರ ತಲೆ ನರೆತಿದೆ. ಆದರೆ ಅಲ್ಲಿಯವರೆಗೆ ಒಂದು ದಿನವೂ ಒಂದರೊಳಗೂ ಅವರು ಕಾಲಿಟ್ಟಿರಲಿಲ್ಲ. ಹೆಂಗಸು ಹತ್ತಿದರೆ ಬಲೆ ಖಾಲಿ ಬರುತ್ತದೆ, ದೋಣಿ ಸುಖವಾಗಿ ದಡ ಮುಟ್ಟುವುದಿಲ್ಲ ಎಂಬುದು ಅವರ ಮನೆಯವರು ಹಿಂದಿನಿಂದ ಹಿಡಿದುಕೊಂಡು ಬಂದ ನಂಬಿಕೆ. ನಾನೂ ಮಾವನ ಜೊತೆ ಮೀನಿಗೆ ಹೋಗಿದ್ದೆ. ಮಾಮಿ ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ.

ಯುದ್ಧದ ಹಡಗು ಮಾಮಿ, ಸಾಧ್ಯವಿಲ್ಲ, ಬೇಕಾದರೆ ದಡದಿಂದ ಒಂದು ಫೋಟೋ ತೆಗೆಸುವ ಎಂದು ದರ ಇಳಿಸಲು ನೋಡಿದೆ.

"ಮೀನು ಬುಟ್ಟಿಯಲ್ಲೇ ಇರಲಿ, ವಾಸನೆ ತಗೊಂಡು ಹೋಗಿ ಅಂತ ನಾನು ಗಿರಾಕಿಗೆ ಹೇಳಿದ್ದುಂಟಾ?" ಎಂದರು.

ದಡದಲ್ಲಿ ಗೆನ್ನಾದಿ, ನಾನು ಡಬ್ಬಿಯಲ್ಲಿ ತಂದಿದ್ದ ಒಂದು ಸೌತೆಕಾಯಿಯನ್ನು ತಿಂದ. ಇನ್ನೊಂದು ತಿಂದ. ಮೂರನೆಯದರಲ್ಲಿ ಮೆಣಸು ಸಿಕ್ಕಿ ಕಣ್ಣಲ್ಲಿ ನೀರು ಬಂದಾಗ, ಮಾಡಿದ್ದು ಯಾರು, ಎಷ್ಟು ಕೊಡಬೇಕು ಎಂದು ಒಟ್ಟಿಗೇ ಕೇಳಿದ. ಮಾಮಿಯ ದರ ಹೇಳಿದೆ. ಫೋನು ಏನೋ ತಪ್ಪು ಹೇಳಿತೆಂದುಕೊಂಡು ಮತ್ತೊಮ್ಮೆ ಹೇಳಿಸಿದ. ಆಮೇಲೆ ದೋಣಿಯ ನಂಬಿಕೆಯನ್ನೂ ವಿವರಿಸಿದೆ. ಅವನು ದಪ್ಪ ಕುತ್ತಿಗೆ ತುರಿಸಿಕೊಳ್ಳುತ್ತಾ ನಗತೊಡಗಿದ. ಅವರ ಕಡೆಯ ಮುದಿ ನಾವಿಕರೂ ಇದನ್ನೇ ಹೇಳುತ್ತಾರಂತೆ, ಹಡಗಿನಲ್ಲಿ ಹೆಣ್ಣು ಅಪಶಕುನವೆಂದು. ಅವನ ಅಜ್ಜನೂ ಹೇಳುತ್ತಿದ್ದನಂತೆ. ಆದರೆ ಅಪ್ಪಣೆ ಕ್ಯಾಪ್ಟನ್ನಿನದ್ದು, ಕ್ಯಾಪ್ಟನ್ನಿಗೆ ಪುರಸೊತ್ತಿಲ್ಲ, ಮೊದಲು ಡ್ರಮ್ ಇಳಿಸು ಎಂದ.

ವ್ಯಾಪಾರಕ್ಕಿಳಿದವರು ಇದನ್ನು ಬರೆದಿಟ್ಟುಕೊಳ್ಳಿ. ಮಾತು ಕೈಗೆ ಬರುವವರೆಗೆ ಮಾಲು ವ್ಯಾನಿನಲ್ಲೇ ಇರಬೇಕು. ನಾನು ವ್ಯಾನಿನ ಹಿಂಬಾಗಿಲು ಹಾಕಿ ಅದಕ್ಕೆ ಒರಗಿ ನಿಂತೆ. ಗೆನ್ನಾದಿ ಏಣಿ ಹತ್ತಿ ಹೋದ. ಮೇಲೆ ಬ್ಯಾಂಡಿನವರ ತಾಲೀಮು ಒಂದು ಸುತ್ತು ಮುಗಿದು ಇನ್ನೊಂದು ಶುರುವಾಯಿತು. ಕೊನೆಗೆ ಇಳಿದು ಬಂದು, ಹೊರಡುವ ದಿನ ಬೆಳಗ್ಗೆ ಇಲ್ಲಿರುವ ಅವರ ದೇಶದ ಕುಟುಂಬಗಳು ಹಡಗು ನೋಡಲು ಬರುತ್ತವೆ, ಆ ಪಟ್ಟಿಯಲ್ಲಿ ಒಬ್ಬರಿಗೆ ಜಾಗವಿದೆ ಎಂದ. ಒಬ್ಬರಿಗೆ ಮಾತ್ರ, ತಾಯಿಗೆ. ಮಾಮಿಯನ್ನು ಅವನು ಕರೆದದ್ದು ಹಾಗೆ. ನನ್ನ ಕೋಟಿನ ವಿಚಾರ ಎತ್ತಬೇಕೆಂದುಕೊಂಡೆ. ಎತ್ತಲಿಲ್ಲ. ಡ್ರಮ್ ಇಳಿಸಿದೆ, ಖಾಲಿಯಾದ ಮೇಲೆ ವಾಪಸ್ ಕೊಡಬೇಕೆಂದು ಮಾತ್ರ ಹೇಳಿದೆ.

ಆ ದಿನ ಮಾಮಿ ಮಗಳ ಮದುವೆಗೆ ಉಟ್ಟ ಸೀರೆ ಉಟ್ಟಿದ್ದರು. ಗೇಟ್ ಪಾಸು ಹಿಡಿದು ಏಣಿಯ ಬುಡಕ್ಕೆ ಬಂದವರು ಚಪ್ಪಲಿ ಕಳಚಿದರು. ನಮ್ಮಲ್ಲಿ ದೋಣಿಗೆ ಯಾರೂ ಚಪ್ಪಲಿ ಹಾಕಿ ಹತ್ತುವುದಿಲ್ಲ. ಕಾವಲಿಗಿದ್ದ ನಾವಿಕ ಅಡ್ಡ ಬಂದು ಚಪ್ಪಲಿ ತೋರಿಸಿದ. ಮಾಮಿ ಹಡಗು ತೋರಿಸಿ ಕೈ ಮುಗಿದರು. ಅವನು ಮತ್ತೆ ಚಪ್ಪಲಿ ತೋರಿಸಿದ, ಇವರು ಮತ್ತೆ ಕೈ ಮುಗಿದರು. ಇಬ್ಬರೂ ಬಿಡುವವರಲ್ಲ. ಮೇಲಿನಿಂದ ಗೆನ್ನಾದಿ ಏನೋ ಕೂಗಿದ, ನಾವಿಕ ಸರಿದು ನಿಂತ. ಮಾಮಿ ಬಲಗಾಲಿಟ್ಟು ಹತ್ತಿದರು. ಮೇಲೆ ಹೋದವರು ಬಗ್ಗಿ ಹಡಗಿನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದೇ ಹೊತ್ತಿಗೆ ಉದ್ದನೆಯ ಒಂದು ಸೀಟಿ ಕೇಳಿಸಿತು, ನಾವಿಕರು ಎದೆ ಸೆಟೆಸಿ ಸೆಲ್ಯೂಟ್ ಹೊಡೆದರು. ಅದು ಹಿಂದೆ ಬರುತ್ತಿದ್ದ ಯಾರೋ ದೊಡ್ಡ ಅಧಿಕಾರಿಗೆ. ಮಾಮಿಗೆ ಇದನ್ನು ನಾನು ಈವರೆಗೆ ಹೇಳಿಲ್ಲ, ನೀವೂ ಹೇಳಬೇಡಿ.

ನಾನು ಕೆಳಗೆ, ನೀಲಿ ಕೋಟು ಹಾಕಿಕೊಂಡು, ಚಪ್ಪಲಿ ಕಾಯುತ್ತಾ ನಿಂತಿದ್ದೆ.

ಇಳಿದು ಬರುವಾಗ ಅವರ ಕೈಯಲ್ಲಿ ಒಂದು ಕಪ್ಪು ಬ್ರೆಡ್ಡಿತ್ತು. ಹಿಂದಿನಿಂದ ಒಬ್ಬ ನಾವಿಕ ತೊಳೆದ ಡ್ರಮ್ ಹಿಡಿದು ಬಂದ. ಕಾರಿನಲ್ಲಿ ಮಾಮಿ ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮನೆ ಹತ್ತಿರ ಬಂದ ಮೇಲೆ, ಆ ಹಡಗು ಊರು ಮುಟ್ಟಲಿಕ್ಕೆ ಎಷ್ಟು ಸಮಯ ಬೇಕು ಎಂದು ಕೇಳಿದರು. ದೂರ, ಪೂರ್ವದ ತುದಿ, ತಿಂಗಳ ಮೇಲಾಗಬಹುದು ಎಂದೆ.

"ಮುಟ್ಟಿದ ಮೇಲೆ ನನಗೆ ಹೇಳು."

ಊರಿಗೆ ಹೋದ ಮೇಲೂ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ. ಅವರಿಗೆ ಯಾಕಿಷ್ಟು ಚಿಂತೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನನ್ನು ಒಂದು ಥರ ನೋಡಿ ಹೇಳಿದಳು: ತಮ್ಮ ಹೊಸ ದೋಣಿ ಕಟ್ಟಿಸುತ್ತಿದ್ದಾನೆ, ಆಗಸ್ಟಿನಲ್ಲಿ ನೀರಿಗಿಳಿಯುತ್ತದೆ, ಅಮ್ಮನಿಗೆ ಅದನ್ನು ಹತ್ತಬೇಕು, ಮನೆಯ ಗಂಡಸರು ಬಿಡುವುದಿಲ್ಲ. ತಾನು ಹತ್ತಿದ ಹಡಗು ಸುಖವಾಗಿ ಊರು ಸೇರಿದ್ದನ್ನು ತೋರಿಸಿದರೆ ಅವರ ಬಾಯಿ ಮುಚ್ಚುತ್ತದೆ.

ಒಂದು ಡ್ರಮ್ ಸೌತೆಕಾಯಿಗೆ ಮಾಮಿ ಎಷ್ಟು ವಸೂಲು ಮಾಡಿದ್ದರೆಂದು ನನಗೆ ಆಗ ತಿಳಿಯಿತು.

ಗೆನ್ನಾದಿಗೆ ಮೆಸೇಜ್ ಹಾಕಿದೆ. ತಲುಪಿದರೆ ಪಕ್ಕದಲ್ಲಿ ಎರಡು ಗೀಟು ಬೀಳಬೇಕು. ಒಂದೇ ಗೀಟು. ವಾರ ಕಳೆಯಿತು, ತಿಂಗಳು ಕಳೆಯಿತು, ಒಂದೇ ಗೀಟು. ನಡುನೀರಿನಲ್ಲಿ ಫೋನು ಸಿಗುವುದಿಲ್ಲ ಎಂದು ಗೊತ್ತಿದ್ದರೂ ಕೆಟ್ಟ ಯೋಚನೆಗಳು ಬರುತ್ತಿದ್ದವು. ಮುಟ್ಟಿತಂತೆ ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ, ಯಾರು ಹೋಗಿ ನೋಡುತ್ತಾರೆ ಎಂದು ಒಂದು ದಿನ ಹೆಂಡತಿಯ ಎದುರು ಅಂದೆ.

"ಟೊಮೆಟೊ ವಿಷಯಕ್ಕೆ ಎಷ್ಟು ಬೇಕಾದ್ರೂ ಸುಳ್ಳು ಹೇಳಿ," ಎಂದಳು. "ಆ ದೋಣಿಯಲ್ಲಿ ನನ್ನ ತಮ್ಮ ಇರ್ತಾನೆ."

ಹೆಂಗಸು ಹತ್ತಿದರೆ ಏನಾದರೂ ಆದೀತೆಂಬ ಹೆದರಿಕೆ ಅವಳಿಗೂ ಒಳಗೊಳಗೆ ಇತ್ತು. ನನಗೂ ಇತ್ತು ಎಂದು ಆ ಕ್ಷಣದಲ್ಲಿ ಗೊತ್ತಾಯಿತು. ಸುಳ್ಳಿನ ಯೋಚನೆ ಬಿಟ್ಟೆ.

ಮೇ ಕೊನೆಯಲ್ಲಿ, ಈರುಳ್ಳಿ ಇಳಿಸುತ್ತಿದ್ದಾಗ, ಫೋನು ಸದ್ದು ಮಾಡಿತು. ಒಂದು ಫೋಟೋ. ಹಿಂದೆ ಹಸಿರು ಗುಡ್ಡ, ಮುಂದೆ ಅದೇ ಬೂದು ಹಡಗು, ಅದರ ಮೇಲೆ ಹೂ ಹಿಡಿದ ಹೆಂಗಸರು, ಮಕ್ಕಳು. ಗೆನ್ನಾದಿಯ ದಪ್ಪ ಕುತ್ತಿಗೆಯ ಮೇಲೆ ಒಂದು ಪುಟ್ಟ ಹುಡುಗಿ ಕೂತಿದ್ದಳು. ಕೆಳಗೆ ಬರೆದಿದ್ದ: "ಮನೆ. ಎಲ್ಲರೂ ಇದ್ದೇವೆ. ತಾಯಿಗೆ ಹೇಳು." ಈರುಳ್ಳಿಯನ್ನು ಅಲ್ಲೇ ಬಿಟ್ಟು ಊರಿಗೆ ಫೋನ್ ಮಾಡಿದೆ.

ಮಾಮಿ ಆ ಫೋಟೋವನ್ನು ದೊಡ್ಡದು ಮಾಡಿಸಿ ಬಂದರಿನಲ್ಲೆಲ್ಲ ತೋರಿಸಿದರಂತೆ. ಅದು ಯುದ್ಧದ ಹಡಗು, ಇದು ಮೀನಿನ ದೋಣಿ, ಎರಡೂ ಒಂದಾ ಎಂದು ಗಂಡನ ಅಣ್ಣ ಕೇಳಿದರಂತೆ. ಅಷ್ಟು ದೊಡ್ಡ ಹಡಗಿಗೆ ಆಗದ ಕೆಡುಕು ನಿಮ್ಮ ಇಷ್ಟು ಸಣ್ಣ ದೋಣಿಗೆ ಆಗ್ತದೆ ಅಂತಾದ್ರೆ ಮರ ಸರಿಯಿಲ್ಲ, ಬೇರೆ ಕಟ್ಟಿಸಿ ಎಂದರಂತೆ ಮಾಮಿ. ಆಗಸ್ಟಿನಲ್ಲಿ ಹೆಂಡತಿಯ ತಮ್ಮ ಕಳಿಸಿದ ಚಿತ್ರದಲ್ಲಿ ಅವರು ಹೊಸ ದೋಣಿಯ ಮೂತಿಯ ಹತ್ತಿರ ನಿಂತಿದ್ದರು. ದಡದಲ್ಲಿ ಒಂದು ಜೊತೆ ಚಪ್ಪಲಿ.

ನಿನ್ನೆ ಡ್ರಮ್ಮಿನೊಳಗೆ ತಲೆ ಹಾಕಿ ನಾನು ಇದನ್ನೆಲ್ಲ ಮೂಸುತ್ತಾ ಕೂತಿದ್ದಾಗ ಹೆಂಡತಿ ಫೋನು ಹಿಡಿದು ಬಂದಳು. ಈ ಸಲದ ಮೀನಿನ ಹಂಗಾಮು ಶುರುವಾಗಿದೆ, ತಮ್ಮ ವಿಡಿಯೋ ಹಾಕಿದ್ದಾನೆ ಎಂದಳು. ದೋಣಿಯಲ್ಲಿ ಮಾಮಿ ಇದ್ದರು, ಯಾರಿಗೋ ಜೋರು ಮಾಡುತ್ತಿದ್ದರು. ಸೊಸೆ ಇದ್ದಳು, ಪಕ್ಕದ ಮನೆಯವರು, ಮೀನು ಮಾರುವ ಹೆಂಗಸರು ಇದ್ದರು, ನಗುತ್ತಾ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಕ್ಯಾಮೆರಾ ಮೆಲ್ಲ ದಡದ ಕಡೆ ತಿರುಗಿತು. ಕಟ್ಟೆಯ ಉದ್ದಕ್ಕೂ ಚಪ್ಪಲಿಗಳ ಸಾಲು. ಅಭ್ಯಾಸಬಲದಿಂದ ಎಣಿಸಲು ಶುರು ಮಾಡಿದೆ. ವಿಡಿಯೋ ಮುಗಿಯಿತು, ಸಾಲು ಮುಗಿದಿರಲಿಲ್ಲ.

ಸಂಜೆ ಹೋಗಿ ಡ್ರಮ್ಮಿಗೆಂದು ಒಂದು ಪೆಟ್ಟಿಗೆ ಎಳೆ ಸೌತೆಕಾಯಿ ತಂದೆ. ಅಡಿಯದನ್ನು ಕೈ ಹಾಕಿ ನೋಡಿಯೇ ತಂದೆ, ಚೌಕಾಸಿ ಮಾಡಿಯೇ ತಂದೆ. ಹೇಳಿದ ಬೆಲೆಗೆ ಕೊಂಡೆನೆಂದು ಮಾಮಿಗೆ ಗೊತ್ತಾದರೆ ನನ್ನ ಗತಿ ಮುಗಿಯಿತು. ಇವತ್ತು ಬೆಳಗ್ಗೆ ಒಂದು ಸರಕಿನ ಹಡಗು ಹೊರಡುವುದಿತ್ತು. ಅದರ ಉಗ್ರಾಣದವನು ಸಹಿ ಹಾಕಿ ಏಣಿ ಹತ್ತುವಾಗ, ನಾನು ಈಗ ಎಲ್ಲರಿಗೂ ಹೇಳುವುದನ್ನು ಅವನಿಗೂ ಹೇಳಿದೆ. ಊರು ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕು.

ಯಾಕೆ, ಹಣ ಬಾಕಿ ಉಂಟಾ ಎಂದು ಅವನು ಕೇಳಿದ. ಇಲ್ಲ, ಸುಮ್ಮನೆ ಎಂದೆ.